ರಕ್ತವಲ್ಲ, ಚಹಾ

ಜನವರಿ ೧೧

ಅಕ್ಕನಿಗೆ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಮನೆಯ ಗೋಡೆಗಳು ನಿನಗೆ ಗೊತ್ತೇ ಇವೆ. ಪಕ್ಕದವರು ಸೀನಿದರೆ ನಾವು ಮೂಗು ಒರೆಸಿಕೊಳ್ಳಬೇಕು, ಅಷ್ಟು ತೆಳು. ಮೇಲಾಗಿ ಇದನ್ನು ಹೆಂಡತಿಗೂ ಇನ್ನೂ ಹೇಳಿಲ್ಲ. ಅದಕ್ಕೇ ಕಾಗದ.

ಡಿಸೆಂಬರಿನಲ್ಲಿ ನನಗೆ ನೆಗಡಿಯಾಗಿತ್ತಲ್ಲ, ಅದು ಹೋಯಿತು. ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ವಾಸನೆ ಸ್ವಲ್ಪ ಕಡಿಮೆಯಾಗಿದೆ ಎಂದಲ್ಲ, ಇಲ್ಲವೇ ಇಲ್ಲ. ಮೊನ್ನೆ ಹಾಲು ತಳಹಿಡಿದು ಅಡುಗೆಮನೆ ಹೊಗೆಯಾದದ್ದು ನನಗೆ ಕಣ್ಣುರಿದ ಮೇಲೆ ತಿಳಿಯಿತು. ಡಾಕ್ಟರರು, "ಬರಬಹುದು, ಬರದೆಯೂ ಇರಬಹುದು, ಒಂದು ವರ್ಷ ಕಾಯಿರಿ" ಎಂದರು. ಹೇಳುವಾಗ ಅವರು ತಮ್ಮ ಮೊಬೈಲು ನೋಡುತ್ತಿದ್ದರು.

ಬೇರೆಯವರಿಗಾದರೆ ಊಟ ಸಪ್ಪೆ, ಅಷ್ಟೆ. ನಾನು ಟೀ ಟೇಸ್ಟರ್. ದಿನಾ ಬೆಳಿಗ್ಗೆ ಉದ್ದದ ಮೇಜಿನ ಮೇಲೆ ಬಿಳಿ ಬಟ್ಟಲುಗಳಲ್ಲಿ ತೋಟಗಳಿಂದ ಬಂದ ಹೊಸ ಲಾಟುಗಳ ಚಹಾ ಸಾಲಾಗಿ ಕಾಯುತ್ತಿರುತ್ತದೆ. ಚಮಚದಲ್ಲಿ ಎತ್ತಿ ಸೊರ್ರೆಂದು ಹೀರಿ, ಬಾಯೆಲ್ಲ ಆಡಿಸಿ, ಎತ್ತರದ ಉಗುಳುಪಾತ್ರೆಗೆ ಉಗುಳಿ ಮುಂದಕ್ಕೆ ಹೋಗಬೇಕು. ಒಗರು, ಕಹಿ ಈಗಲೂ ಗೊತ್ತಾಗುತ್ತವೆ, ಅವು ನಾಲಿಗೆಯವು. ಮಿಕ್ಕದ್ದೆಲ್ಲ ಮೂಗಿನದು. ಹೊಗೆ ಹಿಡಿದದ್ದು, ತೇವಕ್ಕೆ ಮುಗ್ಗಿದ್ದು ಯಾವುದೂ ನನಗೆ ತಿಳಿಯುವುದಿಲ್ಲ. ಪ್ಯಾಕಿಂಗಿನವರು ನನ್ನನ್ನು ಇನ್ನೂ 'ನಾಲಿಗೆ ಸಾಹೇಬ್ರು' ಎಂದೇ ಕರೆಯುತ್ತಾರೆ. ಕೇಳಿದಾಗಲೆಲ್ಲ ಯಾರದೋ ಅಂಗಿ ಹಾಕಿಕೊಂಡ ಹಾಗಾಗುತ್ತದೆ.

ಹಾಗಾದರೆ ಕೆಲಸ ಹೇಗೆ ನಡೆಯುತ್ತಿದೆ ಎನ್ನುತ್ತೀಯ. ಗುಬ್ಬಿ ನಡೆಸುತ್ತಿದ್ದಾಳೆ. ನನ್ನ ಸಹಾಯಕಿ, ಎರಡು ವರ್ಷದಿಂದ ಕಲಿಯುತ್ತಿದ್ದಾಳೆ ಎಂದು ಹಿಂದೆ ಬರೆದಿದ್ದೆ. ಅವಳ ಮೂಗು ನನ್ನದಕ್ಕಿಂತ ಚುರುಕು, ಮೊದಲಿನಿಂದಲೂ. ರುಚಿ ನೋಡುವ ಕೋಣೆಯಲ್ಲಿ ಯಾರೂ ಮಾತಾಡಬಾರದೆಂಬ ನಿಯಮವಿದೆ. ಅವಳು ನನಗಿಂತ ಮುಂದೆ ಸಾಲಿನಲ್ಲಿ ಹೋಗುತ್ತಾಳೆ. ದೋಷವಿರುವ ಚಹಾದ ಬಟ್ಟಲನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸುತ್ತಾಳೆ. ನಾನು ಹಿಂದೆ ಬಂದು, ಹೀರಿ, ಉಗುಳಿ, ಮುಖ ಸಿಂಡರಿಸಿ ಬೇಡವೆನ್ನುತ್ತೇನೆ. ನಾಟಕ ಮಾಡುತ್ತಿದ್ದೇನೆ ಅಕ್ಕ. ಅವಳ ಮೂಗು, ನನ್ನ ಸಹಿ.

ಅವಳಿಗೂ ನಿನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಿನ್ನಲ್ಲೇ ಇರಲಿ.

ನಿನ್ನ ತಮ್ಮ


ಜನವರಿ ೨೦

ಪುಟ್ಟ,

ಕಾಗದವನ್ನು ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಓದಿದೆ. ಓದಿ ಮುಗಿದ ಮೇಲೆ ಎದುರಿಗಿದ್ದ ಹಳೆಯ ಕವನ ಸಂಕಲನವನ್ನು ತೆಗೆದು ಮೂಗಿನ ಹತ್ತಿರ ಹಿಡಿದುಕೊಂಡೆ. ಧೂಳು, ಅಂಟು, ಯಾರದೋ ಕೈಯ ಎಣ್ಣೆ. ಇದು ನಿನಗಿಲ್ಲ ಅಂದುಕೊಂಡಾಗ ಆ ಪುಟದ ಒಂದು ಸಾಲೂ ತಲೆಗೆ ಹೋಗಲಿಲ್ಲ.

ಲವಂಗ, ನಿಂಬೆಸಿಪ್ಪೆ ಹೀಗೆ ಗಾಢವಾದದ್ದನ್ನು ದಿನಾ ಮೂಸಿ ಅಭ್ಯಾಸ ಮಾಡಿದರೆ ಕೆಲವರಿಗೆ ವಾಸನೆ ಮರಳುತ್ತದಂತೆ. ಮಾಡು. ಹೆಂಡತಿಗೆ ಹೇಳಿಬಿಡು. ಹೆಂಗಸರಿಗೆ ಇಂಥದ್ದು ತಡವಾಗಿ ಗೊತ್ತಾದರೆ ವಿಷಯಕ್ಕಿಂತ ತಡವೇ ನೋಯಿಸುತ್ತದೆ.

ನನ್ನಿಂದ ಹೊರಗೆ ಹೋಗುತ್ತದೆಂಬ ಚಿಂತೆ ಬೇಡ. ಚಿಕ್ಕವನಿದ್ದಾಗ ನೀನು ಒಡೆದ ಕನ್ನಡಿಯ ವಿಷಯ ಅಮ್ಮನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ನೆನಪಿದೆಯಾ.

ಅಕ್ಕ


ಮಾರ್ಚ್ ೬

ಅಕ್ಕನಿಗೆ,

ಒಂದು ತಮಾಷೆ ಕೇಳು. ನಾನು ರಕ್ತ ಕಾರುತ್ತಿದ್ದೇನಂತೆ.

ರಸ್ತೆಯ ಕಡೆಯ ಕಿಟಕಿಗೆ ಮೊದಲು ಮಬ್ಬುಗಾಜು ಇತ್ತು. ಬೆಳಕು ಸಾಲದೆಂದು ಹೋದ ತಿಂಗಳು ಸ್ವಚ್ಛ ಗಾಜು ಹಾಕಿಸಿದರು. ಎದುರಿಗೇ ಬಸ್ ಸ್ಟಾಪು. ಬೆಳಿಗ್ಗೆ ಬಸ್ಸಿಗೆ ಕಾಯುವವರಿಗೆ ಏನು ಕಾಣುತ್ತದೆ ಹೇಳು: ಬಿಳಿ ಕೋಟಿನ ಬಡಕಲು ಮನುಷ್ಯ ಮತ್ತೆ ಮತ್ತೆ ಬಗ್ಗಿ ಕೆಂಪಗೆ ಉಗುಳುತ್ತಿದ್ದಾನೆ, ಪಕ್ಕದಲ್ಲೊಬ್ಬಳು ಹುಡುಗಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಾಳೆ. ಮಿಕ್ಕದ್ದನ್ನು ಅವರೇ ಸೇರಿಸಿಕೊಂಡಿದ್ದಾರೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಈಗ ಸದಾ ಖಾಲಿ, ಚೀಲ ಇಟ್ಟುಕೊಳ್ಳಲು ಅನುಕೂಲವಾಗಿದೆ.

ಪ್ಯಾಕಿಂಗಿನಲ್ಲಿ ಹೆಂಗಸೊಬ್ಬಳು ಗುಬ್ಬಿಯನ್ನು ಕೇಳಿದಳಂತೆ, "ನಾಲಿಗೆ ಸಾಹೇಬ್ರು ಇನ್ನೆಷ್ಟು ದಿನ ಅಂತಾರೆ ಡಾಕ್ಟ್ರು?" ಗುಬ್ಬಿ, "ನಿಮ್ಮನ್ನೆಲ್ಲ ಕಳಿಸಿಯೇ ಅವ್ರು ಹೋಗೋದು" ಎಂದಳಂತೆ.

ಮ್ಯಾನೇಜರರೂ ಕರೆಸಿ ವಿಚಾರಿಸಿದರು. ಎದೆಯ ಎಕ್ಸ್‌ರೇ ತೆಗೆಸಿ ಕೊಟ್ಟೆ. ಶ್ವಾಸಕೋಶ ಕನ್ನಡಿಯ ಹಾಗಿದೆ. ಅದನ್ನು ನೋಟಿಸ್ ಬೋರ್ಡಿಗೆ ಹಾಕಲೇ ಎಂದು ಕೇಳಿದೆ, ನಕ್ಕರು. ನಿಜ ಹೇಳಬೇಕೆಂದರೆ ಈ ಸುಳ್ಳು ನನಗೆ ಒಳ್ಳೆಯದೇ ಮಾಡಿದೆ. ಎಲ್ಲರೂ ನನ್ನ ಎದೆಯನ್ನೇ ನೋಡುತ್ತಿದ್ದಾರೆ, ಮೂಗಿನ ಕಡೆಗೆ ಯಾರ ಕಣ್ಣೂ ಬಿದ್ದಿಲ್ಲ. ಇನ್ನೊಂದು ತಿಂಗಳಿಗೆ ಜನಕ್ಕೆ ಬೇಜಾರಾಗಿ ಬೇರೆ ಏನಾದರೂ ಹುಡುಕಿಕೊಳ್ಳುತ್ತಾರೆ. ನಿನ್ನ ಕಿವಿಗೂ ಬಂದರೆ ನಕ್ಕು ಸುಮ್ಮನಿರು.

ಲವಂಗ ಮೂಸುತ್ತಿದ್ದೇನೆ. ಮರದ ಚೂರು ಮೂಸಿದ ಹಾಗಿದೆ.

ತಮ್ಮ


ಮಾರ್ಚ್ ೨೯

ಪುಟ್ಟ,

ನಿನ್ನ ಕಾಗದ ಬಂದ ವಾರದಲ್ಲೇ ಚಿಕ್ಕಮ್ಮ ಬಂದಿದ್ದರು. ಆ ಸುದ್ದಿ ಇಲ್ಲಿಗೂ ಬಂದಿದೆ. "ಪಾಪ, ನಮ್ಮ ಹುಡುಗ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಅದು ರಕ್ತವಲ್ಲ, ಚಹಾ ಎಂದು ಹೇಳಿದೆ. ಹೇಳಬೇಕಾದಷ್ಟು ಹೇಳಿ ಬಾಯಿ ಮುಚ್ಚಿಸಿದ್ದೇನೆ, ಇನ್ನು ಅವರಿಂದ ಆ ಮಾತು ಹೊರಡುವುದಿಲ್ಲ.

ಚಿಕ್ಕಮ್ಮನ ಅಳಿಯ ನಿಮ್ಮ ಕಂಪನಿಯಲ್ಲೇ ಅಲ್ಲವೇ ಇರುವುದು? ಲಾರಿಗಳ ವಿಭಾಗವೋ ಏನೋ. ನಿನಗೂ ಅವನಿಗೂ ಮಾತುಕತೆ ಇದೆಯೇ? ಸುಮ್ಮನೆ ಕೇಳಿದೆ.

ಇಲ್ಲಿ ಪರೀಕ್ಷೆಗಳು ನಡೆಯುತ್ತಿವೆ, ಮೇಲ್ವಿಚಾರಣೆ ನನ್ನದು. ಮೂರು ಗಂಟೆ ಬಾಯಿ ಬಿಡದೆ ಓಡಾಡುವುದು ಒಳ್ಳೆಯ ಅಭ್ಯಾಸ ಅನಿಸುತ್ತದೆ.

ಅಕ್ಕ


ಏಪ್ರಿಲ್ ೨೩

ಅಕ್ಕನಿಗೆ,

ಎಲ್ಲ ಹೊರಗೆ ಬಂತು.

ಹೋದ ಬುಧವಾರ ಮ್ಯಾನೇಜರರು ಗುಬ್ಬಿಯನ್ನು ಗೋದಾಮಿಗೆ ಕಳಿಸಿ, ತಾವೇ ರುಚಿಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಏಳು ಬಟ್ಟಲು. "ನೀವೇ ನೋಡಿ ಹೇಳಿ, ಆತುರ ಇಲ್ಲ" ಎಂದರು. ಹೀರಿದೆ, ಉಗುಳಿದೆ. ಬಣ್ಣ ನೋಡಿ, ಎಲೆ ಮುಟ್ಟಿ, ಇಷ್ಟು ವರ್ಷದ ಅಂದಾಜಿನ ಮೇಲೆ ಐದನೆಯದು ಎಲ್ಲಕ್ಕಿಂತ ಚೆನ್ನಾಗಿದೆ ಎಂದೆ. ಅವರು, "ಅದಕ್ಕೆ ನಾನು ಸೀಮೆಎಣ್ಣೆ ಬಟ್ಟೆ ಸುತ್ತಿ ರಾತ್ರಿಯೆಲ್ಲ ಇಟ್ಟಿದ್ದೆ" ಎಂದರು. ಬೈಯಲಿಲ್ಲ. ಬೈದಿದ್ದರೆ ನಿಲ್ಲಲು ಆಧಾರವಾದರೂ ಆಗುತ್ತಿತ್ತು.

ಆಮೇಲೆ ವಿಚಾರಣೆ. ಹೊರಗಿನ ದೊಡ್ಡ ಗಿರಾಕಿಯೊಬ್ಬರಿಗೂ ವಿಷಯ ಮುಟ್ಟಿ ಅವರು ಆರ್ಡರು ತಡೆಹಿಡಿದಿದ್ದಾರೆ. ಹೀಗಾಗಿ ನನ್ನ ಮೂಗಿಗಿಂತ ಅವರಿಗೆ ಮುಖ್ಯವಾದದ್ದು ಮಾತು ಹೊರಬಿದ್ದದ್ದು ಹೇಗೆ ಎಂಬುದು. ಮ್ಯಾನೇಜರರಿಗೆ ಬಟ್ಟಲು ಹಿಂದೆ ಸರಿಸುವುದು ಕೂಡ ಗೊತ್ತಿತ್ತು. "ಯಾರಿಗೆಲ್ಲ ಹೇಳಿದ್ರಿ?" ಎಂದು ಕೇಳಿದರು. "ಈ ಕಟ್ಟಡದಲ್ಲಿ ಗುಬ್ಬಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿಲ್ಲ" ಎಂದೆ. ಅದು ನಿಜವೇ ತಾನೆ. ಅವರು ಬರೆದುಕೊಂಡರು. ಕೊನೆಗೆ ವರದಿ ಓದಿದರು: ಸಹಾಯಕಿಯ ಮೂಲಕ ಸಂಸ್ಥೆಯ ಮಾಹಿತಿ ಹೊರಗೆ ಹೋಗಿರುವುದು ಸಾಬೀತಾಗಿದೆ. ನಾನು ಸಹಿ ಮಾಡಿದೆ.

ನನಗೆ ಚಿಕಿತ್ಸೆಗೆಂದು ಮೂರು ತಿಂಗಳ ರಜೆ, ಹಿರಿಯನೆಂಬ ಮರ್ಯಾದೆಗೆ. ಅವಳನ್ನು ಅದೇ ಸಂಜೆ ಕಳಿಸಿಬಿಟ್ಟರು. ಹೋಗುವಾಗ ನನ್ನ ಮೇಜಿನ ಹತ್ತಿರ ಬಂದು, "ಸಾರ್, ನಾನು ಹೇಳಿಲ್ಲ. ನೀವಾದ್ರೂ ಹೇಳಿ" ಎಂದಳು. ನಾನು ಡ್ರಾಯರಿನಲ್ಲಿ ಏನೋ ಹುಡುಕಿದೆ.

ಹೆಂಡತಿಗೆ ರಜೆಯ ಕಾರಣ ಬೆನ್ನುನೋವು ಎಂದಿದ್ದೇನೆ.

ತಮ್ಮ


ಮೇ ೮

ಪುಟ್ಟ,

ಏನು ಬರೆಯಬೇಕೆಂದು ತಿಳಿಯದೆ ಎರಡು ವಾರ ಕಳೆದೆ. ನಿನ್ನ ಕೆಲಸ ಉಳಿಯಿತಲ್ಲ, ಸದ್ಯ.

ಆ ಹುಡುಗಿಯೇ ಹೇಳಿದ್ದು ಎಂದು ಖಚಿತವಾಗಿ ಗೊತ್ತಾಗಿದೆಯೇ? ನೀನು ಅವಳನ್ನು ಸರಿಯಾಗಿ ಕೂರಿಸಿಕೊಂಡು ಕೇಳಿದೆಯಾ? ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ, ಗಾಳಿಗೆ ಬಿದ್ದ ಬೀಜದ ಹಾಗೆ. ಯಾವ ಗಿಡದ್ದೆಂದು ಹೇಳುವುದು ಕಷ್ಟ. ಅವಳ ಮನೆಯಲ್ಲಿ ದುಡಿಯುವವರು ಬೇರೆ ಯಾರಾದರೂ ಇದ್ದಾರೆಯೇ? ಅವಳಿಗೆ ಬೇರೆ ಕೆಲಸ ಸಿಗುವುದು ಕಷ್ಟವೇನಲ್ಲ ಅಲ್ಲವೇ, ಅಷ್ಟು ಒಳ್ಳೆಯ ಮೂಗು ಅಂದಿದ್ದೆ.

ಅಂಚೆಯಲ್ಲಿ ಒಂದು ಪುಸ್ತಕ ಕಳಿಸಿದ್ದೇನೆ. ನೀನು ಓದುವುದಿಲ್ಲವೆಂದು ಗೊತ್ತು. ಏನಾದರೂ ಕಳಿಸಬೇಕು ಅನಿಸಿತು.

ಅಕ್ಕ


ಜೂನ್ ೧೪

ಅಕ್ಕನಿಗೆ,

ಪುಸ್ತಕ ಬಂತು. ಕಿಟಕಿ ಹೊಡೆದುಕೊಳ್ಳದಂತೆ ಇಡಲು ಸರಿಯಾದ ದಪ್ಪವಿದೆ.

ಗುಬ್ಬಿಗೆ ಎಲ್ಲೂ ಕೆಲಸವಿಲ್ಲ. ಚಹಾದ ಕಂಪನಿಗಳವರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ, ಒಳಗಿನ ಮಾತು ಹೊರಗೆ ಹಾಕುವವಳನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. ಈಗ ಔಷಧಿ ಅಂಗಡಿಯೊಂದರಲ್ಲಿ ಬಿಲ್ಲಿನ ಚೀಟಿ ಹರಿದು ಕೊಡುತ್ತಾಳಂತೆ. ತಾಯಿಯನ್ನು ನೋಡಿಕೊಳ್ಳುವವಳು ಇವಳೊಬ್ಬಳೇ. ನೀನು ಕೇಳಿದ್ದೆಯಲ್ಲ, ಅದಕ್ಕೆ ಬರೆದೆ.

ಇನ್ನೊಂದು ವಿಷಯ, ನಗು ಬರುವಂಥದ್ದು. ಪ್ಯಾಕಿಂಗಿನಲ್ಲಿ ಹೊಸ ಗಾಳಿಸುದ್ದಿ ಎದ್ದಿದೆ. ನನ್ನನ್ನು ನೋಡಲು ಬಂದಿದ್ದ ಅಲ್ಲಿನ ಮೇಸ್ತ್ರಿ ಹೇಳಿದ. "ಹುಡುಗಿ ಅಲ್ವಂತೆ ಸಾಹೇಬ್ರೆ. ನಿಮ್ ಸ್ವಂತ ಅಕ್ಕನೇ ಹೇಳಿದ್ದಂತೆ, ಯಾರೋ ಚಿಕ್ಕಮ್ಮನ ಹತ್ರ." ನೋಡು, ಜನರ ಬಾಯಿಗೆ ಬೀಗ ಎಲ್ಲಿದೆ. ಮೊದಲು ನನಗೆ ರಕ್ತ ಕಾರಿಸಿದರು, ಈಗ ರಕ್ತಸಂಬಂಧಕ್ಕೆ ಬಂದಿದ್ದಾರೆ. "ಹೋಗೋ, ನಮ್ಮಕ್ಕನ ಬಾಯಿಂದ ಮಾತು ಹೊರಡಿಸೋದೂ ಒಂದೇ, ಬಂಡೆಯಿಂದ ನೀರು ಹಿಂಡೋದೂ ಒಂದೇ" ಎಂದೆ.

ಏನಂತೀಯ?

ತಮ್ಮ


ಜೂನ್ ೨೨

ಪುಟ್ಟ,

ಈ ಸಲದ ಸುದ್ದಿ ನಿಜ.

ಚಿಕ್ಕಮ್ಮ ಬಂದ ದಿನ ನಡೆದದ್ದನ್ನು ನಿನಗೆ ಅರ್ಧ ಬರೆದಿದ್ದೆ. "ರಕ್ತ ಕಾರ್ತಾನಂತಲ್ಲೇ ನಿನ್ ತಮ್ಮ. ಅಂಟು ಕಾಯಿಲೆ ಅಂತಾರೆ. ಮಕ್ಳಿರೋ ಮನೆ, ಇನ್ನು ಅವನನ್ನ ಕರೀಬೇಡಿ ಅಂತ ಅಳಿಯ ಹೇಳಿದಾರೆ" ಎಂದರು. ನೀನು ನಕ್ಕು ಸುಮ್ಮನಿರು ಎಂದಿದ್ದೆ. ನಗು ಬರಲಿಲ್ಲ. "ರಕ್ತಾನೂ ಇಲ್ಲ ಗಿಕ್ತಾನೂ ಇಲ್ಲ ಚಿಕ್ಕಮ್ಮ. ಅವನು ಉಗಿಯೋದು ಟೀ" ಎಂದೆ. ಅವರು ನಂಬಲಿಲ್ಲ. "ಮುಚ್ಚಿಡಬೇಡ ಕಣೇ, ಮುಖ ನೋಡಿದ್ರೆ ಗೊತ್ತಾಗಲ್ವಾ, ಹೇಗೆ ಇಳಿದುಹೋಗಿದಾನೆ" ಎಂದರು. ಆಗ ನಾನು, "ಇಳಿದಿರೋದು ಚಿಂತೆಗೆ. ನೆಗಡಿಯಾಗಿ ಅವನ ಮೂಗು ಹೋಗಿದೆ" ಎಂದುಬಿಟ್ಟೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. "ಮೂಗು ಹೋಗಿದೆ ಅಂದ್ರೇನೇ?" ಎಂದು ಅವರು ಕೇಳಿದಾಗ, ತರಗತಿಯಲ್ಲಿ ಅರ್ಥವಾಗದವರಿಗೆ ಬಿಡಿಸಿ ಹೇಳುತ್ತೇನಲ್ಲ, ಹಾಗೆ ಹೇಳಿದೆ. ನಾಲಿಗೆಯದು ಯಾವುದು, ಮೂಗಿನದು ಯಾವುದು ಎಂದು. ಆ ಹುಡುಗಿ ಬಟ್ಟಲು ಸರಿಸುವುದನ್ನೂ ಹೇಳಿದೆ, ನಿನ್ನ ಜಾಣತನ ತೋರಿಸಲು. ಚಿಕ್ಕಮ್ಮ ನಂಬಿದರು. ನನಗೆ ಗೆದ್ದೆ ಅನಿಸಿತು. ಸುಳ್ಳನ್ನು ಓಡಿಸಲು ನಿಜವನ್ನು ಹೊರಗೆ ಬಿಟ್ಟೆ, ಅಷ್ಟೆ ಅಂದುಕೊಂಡೆ. ಆ ಸುಳ್ಳಿನಿಂದ ನಿನಗೆ ಬಸ್ಸಿನ ಸೀಟು ಖಾಲಿಯಾಗಿತ್ತು. ನಾನು ಹೇಳಿದ ನಿಜದಿಂದ ಒಂದು ಮನೆಯ ಒಲೆ ಆರಿದೆ.

ಏಪ್ರಿಲ್‌ನ ನಿನ್ನ ಕಾಗದದಲ್ಲಿ ಬಟ್ಟಲಿನ ಮಾತು ಓದಿದಾಗಲೇ, ಅದು ಚಿಕ್ಕಮ್ಮನಿಂದ ಅಳಿಯನಿಗೆ, ಅವನಿಂದ ನಿಮ್ಮ ಮ್ಯಾನೇಜರರಿಗೆ ಹೋಗಿದೆಯೆಂದು ನನಗೆ ತಿಳಿಯಿತು. ಆದರೂ ಬೀಜ, ಗಿಡ ಎಂದೆಲ್ಲ ಬರೆದೆ. ಆ ಸಾಲನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ನನ್ನನ್ನು ಬೈ, ಏನು ಬೇಕಾದರೂ ಅನ್ನು. ಆ ಹುಡುಗಿಯ ತಲೆಯ ಮೇಲಿನದನ್ನು ಮಾತ್ರ ಇಳಿಸು. ಬೇಕಾದರೆ ನಾನೇ ಬಂದು ನಿಮ್ಮ ಮ್ಯಾನೇಜರರ ಮುಂದೆ ಹೇಳುತ್ತೇನೆ.

ಅಕ್ಕ


ಜುಲೈ ೧೦

ಪುಟ್ಟ, ಉತ್ತರವಿಲ್ಲ. ಫೋನೂ ಎತ್ತುತ್ತಿಲ್ಲ. ಒಂದು ಸಾಲು ಬರೆ.

ಅಕ್ಕ


ಆಗಸ್ಟ್ ೧೭

ಅಕ್ಕನಿಗೆ,

ನೀನು ಬರೆಯುವ ಮೊದಲೇ ನನಗೆ ಗೊತ್ತಿತ್ತು.

ವಿಚಾರಣೆಯ ದಿನ ಮ್ಯಾನೇಜರರು ಬಟ್ಟಲಿನ ಮಾತು ಎತ್ತಿದ ಕ್ಷಣವೇ ತಿಳಿಯಿತು. ಅದನ್ನು ಗುಬ್ಬಿ ಯಾಕೆ ಹೇಳುತ್ತಾಳೆ? ಹೇಳಿದರೆ ಮೊದಲು ಹೋಗುವುದು ಅವಳದೇ ಕೆಲಸ. ನಾನದನ್ನು ಬರೆದದ್ದು ನಿನಗೊಬ್ಬಳಿಗೇ. 'ಈ ಕಟ್ಟಡದಲ್ಲಿ' ಎಂಬ ಮಾತನ್ನು ನಾನು ಬಾಯಿತಪ್ಪಿ ಹೇಳಿದ್ದಲ್ಲ, ಆರಿಸಿ ಹೇಳಿದೆ. ನಿನ್ನ ಮೇಲಿನ ಪ್ರೀತಿಗೆ ಎಂದು ಆಗ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಹುಡುಗಿಯ ಹೆಸರು ಕೈಗೆ ಹತ್ತಿರವಿತ್ತು, ಸುಲಭವಾಗಿತ್ತು. ಜೂನ್‌ನಲ್ಲಿ ನಗುತ್ತ ಬರೆದೆನಲ್ಲ, ನಗುತ್ತಿರಲಿಲ್ಲ. ನೀನು ಏನನ್ನುತ್ತೀಯೋ ನೋಡಬೇಕಿತ್ತು.

ರಜೆ ಮುಗಿಯುವ ಮುಂಚೆ ಮ್ಯಾನೇಜರರ ಹತ್ತಿರ ಹೋದೆ. ಅವಳಲ್ಲ ಎಂದೆ. "ಫೈಲು ಮುಚ್ಚಿ ಆಯ್ತಲ್ಲ. ನೀವೇ ಸಹಿ ಮಾಡಿದೀರಿ. ಈಗ್ಯಾಕೆ ಹೊಸ ಗಾಳಿಸುದ್ದಿ?" ಎಂದರು. ನಾನು ಸಹಿ ಹಾಕಿದ ಸುಳ್ಳು ಅವರಿಗೆ ದಾಖಲೆ, ಪ್ಯಾಕಿಂಗಿನವರು ಆಡಿಕೊಳ್ಳುವ ನಿಜ ಗಾಳಿಸುದ್ದಿ.

ಗುಬ್ಬಿಯ ಮನೆಗೆ ಹೋದೆ. ಒಂದೇ ಕೋಣೆ, ಮಂಚದ ಮೇಲೆ ತಾಯಿ. ಕುಳಿತುಕೊಳ್ಳಿ ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ. ತಾಯಿ, "ಇವ್ರೇನಾ ರಕ್ತ ಕಾರೋರು?" ಎಂದು ಅವಳನ್ನು ಕೇಳಿದರು. "ಅಲ್ಲಮ್ಮ, ಇವ್ರಿಗೇನೂ ಆಗಿಲ್ಲ" ಎಂದಳು. ಮ್ಯಾನೇಜರರಿಗೆ ಇನ್ನೊಮ್ಮೆ ಬರೆದು ಕೊಡುತ್ತೇನೆ ಎಂದೆ.

"ಫೈಲು ಯಾರು ಓದ್ತಾರೆ ಸಾರ್. ನನ್ನನ್ನ ಕಳ್ಳಿ ಥರ ನೋಡಿದ್ದು ಪ್ಯಾಕಿಂಗಿನವ್ರು. ಊಟದ ಹೊತ್ತಲ್ಲಿ ಮಿಷನ್ ನಿಂತಿರ್ತಾವೆ, ಎಲ್ರೂ ಇರ್ತಾರೆ. ಅಲ್ಲಿ ಹೇಳಿ."

ಹೇಳಿದೆ ಅಕ್ಕ. ಸೋಮವಾರ, ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದಾಗ. ನನಗೆ ವಾಸನೆ ತಿಳಿಯುವುದಿಲ್ಲ, ನಾಲ್ಕು ತಿಂಗಳು ಗುಬ್ಬಿ ನನ್ನ ಕೆಲಸ ಮಾಡಿದಳು, ವರದಿಯಲ್ಲಿ ಇರುವುದು ಸುಳ್ಳು, ಅದು ಸುಳ್ಳೆಂದು ಸಹಿ ಮಾಡುವಾಗಲೇ ನನಗೆ ಗೊತ್ತಿತ್ತು. ಯಾರೂ ಅಗಿಯುತ್ತಿರಲಿಲ್ಲ. ಹಿಂದಿನಿಂದ ಒಬ್ಬ, "ಹಂಗಾದ್ರೆ ರಕ್ತ?" ಎಂದ. ಕೆಲವರು ನಕ್ಕರು. ಆಮೇಲೆ, ನಾನು ಇನ್ನೆಷ್ಟು ದಿನ ಎಂದು ಗುಬ್ಬಿಯನ್ನು ಕೆಣಕಿದ್ದ ಹೆಂಗಸು ಕೇಳಿದಳು, "ಮತ್ತೆ ಹೇಳಿದ್ಯಾರು ಸಾಹೇಬ್ರೆ? ಅಕ್ಕ ಅಂತಾರೆ, ನಿಜಾನಾ?"

ನಿನ್ನನ್ನು ಬಿಟ್ಟು ಹೇಳಲು ಒಂದು ವಾಕ್ಯ ಹುಡುಕಿದೆ. ಸಿಗುತ್ತಿತ್ತು, ನನಗೆ ಅಭ್ಯಾಸವಿದೆ. ಹಾಗೆ ಬಿಟ್ಟರೆ ಅನುಮಾನ ಮತ್ತೆ ಅವಳ ಮೇಲೇ ಹೋಗಿ ಕೂರುತ್ತಿತ್ತು. "ಹೌದು, ನಮ್ಮಕ್ಕ" ಎಂದೆ.

ಕೆಲಸ ಬಿಟ್ಟಿದ್ದೇನೆ, ಅವರು ಬಿಡಿಸುವ ಮುಂಚೆ. ಎಲ್ಲರೂ ಕೇಳಿಸಿಕೊಂಡ ಮೇಲೆ ಮ್ಯಾನೇಜರರಿಗೂ ದಾರಿ ಉಳಿಯಲಿಲ್ಲ, ಗುಬ್ಬಿಯನ್ನು ಮತ್ತೆ ಕೆಲಸಕ್ಕೆ ಕರೆಸಿದರು. ನನ್ನ ಹಳೆಯ ಚಮಚವನ್ನು ಅವಳಿಗೆ ಕೊಡಲು ಹೋದೆ. "ನಂದಿದೆ ಸಾರ್" ಎಂದಳು.

ಹೆಂಡತಿಗೆ ನಾನು ಮನೆ ತಲುಪುವಷ್ಟರಲ್ಲಿ ಯಾರೋ ಹೇಳಿಯಾಗಿತ್ತು. "ಅಕ್ಕನಿಗೆ ಹೇಳೋಕೆ ಕಾಗದ ಇತ್ತು, ನಂಗೆ ಹೇಳೋಕೆ ಬಾಯಿ ಇರ್ಲಿಲ್ವಾ?" ಎಂದಳು.

ತಮ್ಮ


ಆಗಸ್ಟ್ ೨೮

ಪುಟ್ಟ,

ನನ್ನ ಹೆಸರು ಹೇಳಿದ್ದು ಸರಿಯಾಯಿತು. ಚಿಕ್ಕಮ್ಮ ಈಗ ನನ್ನೊಡನೆ ಮಾತು ಬಿಟ್ಟಿದ್ದಾರೆ, ಅಳಿಯನಿಗೆ ತೊಂದರೆಯಾಯಿತೆಂದು. ಬಿಡಲಿ.

ನೀನು ಹೇಗಿದ್ದೀಯ? ಮನೆ ಹೇಗೆ ನಡೆಯುತ್ತಿದೆ? ನಿನ್ನ ಹೆಂಡತಿ ಮಾತಾಡುತ್ತಿದ್ದಾಳೆಯೇ? ಮೂಗಿಗೆ ಏನಾದರೂ ತಿಳಿಯುತ್ತಿದೆಯೇ? ಮುಂದೆ ಏನು ಮಾಡಬೇಕೆಂದಿದ್ದೀಯ? ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟನ್ನೇ ಬರೆ, ಪರವಾಗಿಲ್ಲ. ಏನಿದ್ದರೂ ನನಗೆ ಹೇಳು.

ಅಕ್ಕ


ಅಕ್ಟೋಬರ್ ೫

ಅಕ್ಕನಿಗೆ ನಮಸ್ಕಾರ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ಮಗಳು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತರಗತಿಗೆ ಎರಡನೆಯವಳಾಗಿ ಪಾಸಾದಳು. ಮನೆಗೆ ಸುಣ್ಣ ಹೊಡೆಸಿದೆವು. ಇಲ್ಲಿ ಈ ಸಲ ಬಿಸಿಲು ಸ್ವಲ್ಪ ಹೆಚ್ಚು. ನೀನು ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು ಎನ್ನುತ್ತಿದ್ದೆ, ಮಾಡಿಸಿಕೊಂಡೆಯಾ?

ಚಿಕ್ಕಮ್ಮ ಸಿಕ್ಕರೆ ಕೇಳಿದೆನೆಂದು ಹೇಳು. ಬೇರೆ ವಿಶೇಷವೇನೂ ಇಲ್ಲ.

ಈ ಕಾಗದವನ್ನು ಯಾರಿಗೆ ಬೇಕಾದರೂ ಓದಿ ಹೇಳಬಹುದು.

ತಮ್ಮ